ಓದುಗರ ಪ್ರಶ್ನೆ: ಅಟ್ಟದಿಂದ ಇಳಿದ ಹಾಯಿ ಬೋರ್ಡ್ ಹೊಸಬರಿಗೆ ಆದೀತೇ?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಅಡಕೆ ಬೆಳೆಗಾರ. ವಯಸ್ಸು 34, ತೂಕ 72 ಕೆ.ಜಿ. ಚಿಕ್ಕಂದಿನಿಂದ ಹೊಳೆಯಲ್ಲಿ ಈಜಿ ಬೆಳೆದವನಾದ್ದರಿಂದ ನೀರಿನ ಭಯವಿಲ್ಲ. ಆದರೆ ಹಾಯಿ ಕಟ್ಟಿದ ಬೋರ್ಡಿನ ಮೇಲೆ ನಿಂತು ಗಾಳಿಯ ಬಲದಲ್ಲಿ ಸಾಗುವ ವಿಂಡ್‌ಸರ್ಫಿಂಗ್ ಎಂಬುದನ್ನು ಹೊನ್ನೇಮರಡುವಿನ ದಡದಲ್ಲಿ ನಿಂತು ನೋಡಿದ್ದೇನೆಯೇ ಹೊರತು ಹಾಯಿಯನ್ನು ಕೈಯಲ್ಲಿ ಹಿಡಿದವನಲ್ಲ. ಶರಾವತಿ ಹಿನ್ನೀರಿನ ಅಂಚಿನಲ್ಲಿ ಹಿಂದೆ ಅತಿಥಿಗೃಹ ನಡೆಸುತ್ತಿದ್ದ ಹಿರಿಯರೊಬ್ಬರು ಅಟ್ಟದಲ್ಲಿ ಬಹುಕಾಲದಿಂದ ಬಿದ್ದಿರುವ ಎರಡು ಬೋರ್ಡ್‌ಗಳನ್ನು ಮಾರುವವರಿದ್ದಾರೆ. ಒಂದು 3.7 ಮೀಟರ್ ಉದ್ದ, 62 ಸೆಂ.ಮೀ. ಅಗಲದ, ಇಬ್ಬರು ಹೊರಬೇಕಾದಷ್ಟು ಭಾರದ ಬಿಳಿಯ ಪ್ಲಾಸ್ಟಿಕ್ ಬೋರ್ಡ್; ಅದರ ನಡುವೆ ಸೀಳಿನಿಂದ ಕೆಳಗಿಳಿಯುವ ದೊಡ್ಡ ಅಲಗೊಂದಿದೆ. ಇನ್ನೊಂದು 2.75 ಮೀಟರ್ ಉದ್ದ, 55 ಸೆಂ.ಮೀ. ಅಗಲದ ಗುಲಾಬಿ-ಹಳದಿ ಬಣ್ಣದ ಹಗುರ ಬೋರ್ಡ್. ಮೇಲೆ ಕಾಲು ತೂರಿಸುವ ಪಟ್ಟಿಗಳಿವೆ, ಬಾಲದ ಬಳಿ 105 ಎಂದು ಬರೆದಿದೆ. ಜೊತೆಗೆ ದಪ್ಪ ಬಟ್ಟೆಯ 5.2 ಚದರ ಮೀಟರಿನ ಹಾಯಿ, ಪಾರದರ್ಶಕ ಪ್ಲಾಸ್ಟಿಕ್ಕಿನ 6.5ರ ಹಾಯಿ, ಎರಡು ಕಂಬ, ಹಗ್ಗದಲ್ಲಿ ಕಟ್ಟುವ ಒಂದು ಬೂಮ್ (ಹಾಯಿ ನಡೆಸಲು ಕೈಯಲ್ಲಿ ಹಿಡಿಯುವ ಅಡ್ಡಕೋಲು), ಕ್ಲಾಂಪ್ ಇರುವ ಒಂದು ಬೂಮ್. ಚಿಕ್ಕದು ಹೊಸ ಮಾದರಿಯದು, ವೇಗ ಜಾಸ್ತಿ ಎಂದು ಅದಕ್ಕೆ ದುಪ್ಪಟ್ಟು ಬೆಲೆ ಹೇಳುತ್ತಿದ್ದಾರೆ. ಯಾವುದನ್ನು ತೆಗೆದುಕೊಳ್ಳಲಿ? ಅಥವಾ ಎರಡನ್ನೂ ಬಿಟ್ಟುಬಿಡಲೇ?

ಉತ್ತರ: ಮಾರುವವರ ಲೆಕ್ಕವನ್ನು ತಲೆಕೆಳಗು ಮಾಡಿಕೊಂಡರೆ ನಿಮ್ಮ ಉತ್ತರ ಅರ್ಧ ಸಿಕ್ಕಂತೆಯೇ. ಹಳೆಯದೆಂದು ಅವರು ಅಗ್ಗಕ್ಕೆ ಕೊಡಲು ಒಪ್ಪಿರುವ ಉದ್ದನೆಯ ಬೋರ್ಡ್, ಕೆಲವು ಪರೀಕ್ಷೆಗಳಲ್ಲಿ ಉಳಿದುಕೊಂಡರೆ, ನಿಮಗೆ ಆದೀತು. ದುಪ್ಪಟ್ಟು ಬೆಲೆಯ ಚಿಕ್ಕ ಬೋರ್ಡನ್ನು ಪುಕ್ಕಟೆಯಾಗಿ ಕೊಟ್ಟರೂ ಈಗ ಮನೆಗೆ ತರಬೇಡಿ.

ಏಕೆಂಬುದನ್ನು ಆ 105 ಎಂಬ ಅಂಕಿಯೇ ಹೇಳುತ್ತದೆ. ಅದು ಬೋರ್ಡಿನ ಗಾತ್ರ, ಲೀಟರ್‌ಗಳಲ್ಲಿ. ಪೂರ್ತಿ ಮುಳುಗಿದಾಗ ಬೋರ್ಡ್ ಎಷ್ಟು ನೀರನ್ನು ಸರಿಸುತ್ತದೆಯೋ ಅಷ್ಟು ತೂಕವನ್ನು ಹೊರಬಲ್ಲದು, ಸಿಹಿನೀರಿನಲ್ಲಿ ಲೀಟರಿಗೆ ಒಂದು ಕೆ.ಜಿ.ಯ ಲೆಕ್ಕದಲ್ಲಿ. ಬೋರ್ಡಿನ ಸ್ವಂತ ತೂಕ ಸುಮಾರು 9 ಕೆ.ಜಿ., ಹಾಯಿ-ಕಂಬ-ಬೂಮ್ ಸೇರಿ 10, ನೀವು 72, ನೆಂದ ಬಟ್ಟೆ ಮತ್ತು ಲೈಫ್ ಜಾಕೆಟ್ಟಿಗೆ ಮೂರು ಎಂದಿಟ್ಟುಕೊಂಡರೆ 94 ಆಯಿತು. ಉಳಿದದ್ದು 11 ಲೀಟರ್, ಅಂದರೆ ಒಂದು ಕೊಡ ನೀರಿನಷ್ಟೂ ಇಲ್ಲದ ಆಸರೆ. ಕಾಲನ್ನು ಒಂದು ಗೇಣು ಹಿಂದಿಟ್ಟರೆ ಬಾಲ ಮುಳುಗುತ್ತದೆ, ಮುಂದಿಟ್ಟರೆ ಮೂತಿ ಮುಳುಗುತ್ತದೆ. ನೀರಿನಲ್ಲಿ ಬಿದ್ದ ಹಾಯಿಯನ್ನು ಹಗ್ಗ ಹಿಡಿದು ಎಳೆಯುವಾಗಲಂತೂ ಹಾಯಿಯ ಮೇಲೆ ನಿಂತ ನೀರಿನ ಭಾರವೂ ನಿಮ್ಮ ಕಾಲಡಿಗೇ ಬರುತ್ತದೆ. ಇಂಥ ಬೋರ್ಡ್ ಓಡತೊಡಗಿದ ಮೇಲೆ ನೀರಿನ ಮೇಲೆ ಜಾರುತ್ತ ತನ್ನ ವೇಗದಿಂದಲೇ ನಿಲ್ಲುತ್ತದೆಯೇ ಹೊರತು ನಿಂತಲ್ಲಿ ನಿಮ್ಮನ್ನು ಹೊತ್ತು ನಿಲ್ಲುವುದಕ್ಕಾಗಿ ಮಾಡಿದ್ದಲ್ಲ. ಅಷ್ಟು ವೇಗಕ್ಕೆ ಬೇಕಾದ ಗಾಳಿಯಲ್ಲಿ ಕಲಿಯುವವರು ನೀರಿಗಿಳಿಯಲೇಬಾರದು. ಕಾಲುಪಟ್ಟಿಗಳೂ ಆ ವೇಗದವರಿಗೇ; ನಿಮಗೆ ಅವು ಎಡವುವ ವಸ್ತುಗಳು ಮಾತ್ರ.

ಉದ್ದನೆಯದರ ಮೇಲೆ ಅಂಕಿ ಬರೆದಿಲ್ಲವೆಂದು ಚಿಂತಿಸಬೇಕಿಲ್ಲ. ಉದ್ದ, ಅಗಲ, ನಡುವಿನ ದಪ್ಪ ಮೂರನ್ನೂ ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ, 1000ದಿಂದ ಭಾಗಿಸಿ, ಬಂದದ್ದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚನ್ನು ಹಿಡಿದರೆ ಗಾತ್ರದ ಅಂದಾಜು ಸಿಗುತ್ತದೆ. ದಪ್ಪ 17 ಸೆಂ.ಮೀ. ಇದ್ದರೆ ನಿಮ್ಮದು 200 ಲೀಟರಿನ ಆಚೀಚೆಯದು. ಕಲಿಯುವವರಿಗೆ ತಮ್ಮ ತೂಕಕ್ಕೆ ನೂರು ಸೇರಿಸಿದಷ್ಟು ಲೀಟರ್ ಇರಲಿ ಎಂಬುದು ಸುಲಭವಾಗಿ ನೆನಪಿಡಬಹುದಾದ ಲೆಕ್ಕ. ನಿಮಗೆ 172 ಸಾಕು. ಮೇಲಿನ ಕೂಡು-ಕಳೆ ಲೆಕ್ಕವನ್ನೇ ಇದಕ್ಕೂ ಮಾಡಿ ನೋಡಿದರೆ ಬೋರ್ಡಿನ 20 ಕೆ.ಜಿ. ಕಳೆದ ಮೇಲೂ ಸುಮಾರು ನೂರು ಲೀಟರಿನ ಆಸರೆ ಉಳಿಯುತ್ತದೆ.

ಉದ್ದ ಬೋರ್ಡ್ ಎಂದರೆ ಔಟ್‌ಡೇಟೆಡ್ ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಈ ಆಟ ಮೊದಲ ಸಲ ಸೇರಿದಾಗ ಎಲ್ಲರೂ ಓಡಿಸಿದ್ದು ಉದ್ದನೆಯ ಬೋರ್ಡನ್ನೇ. 1996ರಿಂದ 2004ರವರೆಗಿನ ಮೂರು ಒಲಿಂಪಿಕ್ಸ್‌ಗಳಲ್ಲಿ ಬಳಕೆಯಾದ ಮಿಸ್ಟ್ರಲ್ ಬೋರ್ಡ್ ಕೂಡ 3.72 ಮೀಟರ್ ಉದ್ದದ್ದು. ಹಾಗಾಗಿ ಉದ್ದವನ್ನು ಕೊರತೆಯೆಂದು ಎಣಿಸಬೇಕಿಲ್ಲ. ನಿಜವಾದ ಕೊರತೆ ಅಗಲದ್ದು. ಇತ್ತೀಚಿನ ಕಲಿಕೆಯ ಬೋರ್ಡ್‌ಗಳು ಉದ್ದದಲ್ಲಿ ಗಿಡ್ಡವಾಗಿ, ಅಗಲದಲ್ಲಿ 80 ಸೆಂ.ಮೀ.ಗೂ ಮೀರಿ ಇರುವುದರಿಂದ ಅವುಗಳ ಮೇಲೆ ನಿಲ್ಲುವುದು ಮಂಚದ ಮೇಲೆ ನಿಂತಷ್ಟು ಸಲೀಸು. ನಿಮ್ಮ 62 ಸೆಂ.ಮೀ.ನ ಬೋರ್ಡ್ ಮೊದಲ ನಾಲ್ಕು ದಿನ ಒಂಟಿಮರದ ದೋಣಿಯಂತೆ ಹೊಯ್ದಾಡುತ್ತದೆ, ನೀವು ಮತ್ತೆ ಮತ್ತೆ ಬೀಳುತ್ತೀರಿ. ಐದನೆಯ ದಿನ ಕಾಲಿಗೆ ಅದರ ಬುದ್ಧಿ ಬರುತ್ತದೆ.

ನಡುವಿನ ಅಲಗಿಗೆ ಡ್ಯಾಗರ್‌ಬೋರ್ಡ್ ಎನ್ನುತ್ತಾರೆ. ನೀವು ಇದೇ ಬೋರ್ಡನ್ನು ಕೊಳ್ಳಬೇಕೆಂದು ನಾನು ಹೇಳುವುದಕ್ಕೆ ಅದೇ ದೊಡ್ಡ ಕಾರಣ. ಹಾಯಿಗೆ ಗಾಳಿ ಪಕ್ಕದಿಂದ ಬಿದ್ದಾಗ ಬೋರ್ಡ್ ಮುಂದೆ ಹೋಗುವುದರ ಜೊತೆಗೆ ಅಡ್ಡಕ್ಕೂ ಜಾರುತ್ತದೆ. ಆ ಜಾರಾಟವನ್ನು ನೀರೊಳಗಿನ ಅಲಗು ತಡೆಯುತ್ತದೆ. ಚಿಕ್ಕ ಬೋರ್ಡಿಗೆ ಬಾಲದ ಕೆಳಗಿನ ಸಣ್ಣ ರೆಕ್ಕೆ, ಫಿನ್, ಒಂದೇ ಆಧಾರ, ಅದೂ ವೇಗ ಬಂದ ಮೇಲೆ. ಅಲಗಿಲ್ಲದ ಬೋರ್ಡಿನಲ್ಲಿ ಹೊಸಬರು ಹೊರಟ ದಡಕ್ಕೆ ಮರಳಿ ಬರಲಾರದೆ ಗಾಳಿ ಒಯ್ದ ಕಡೆಗೆ ಹೋಗಿ ಸೇರುತ್ತಾರೆ, ಅಲ್ಲಿಂದ ಬೋರ್ಡನ್ನು ತಲೆಯ ಮೇಲೆ ಹೊತ್ತು ಕಾಡುದಾರಿಯಲ್ಲಿ ನಡೆದು ಬರುತ್ತಾರೆ.

ಈ ಅಲಗಿನಲ್ಲಿಯೂ ಎರಡು ಬಗೆಯಿವೆ. ಹಿಂದಕ್ಕೆ ಮಡಚಿ ಹೊಟ್ಟೆಯೊಳಗೆ ಸೇರಿಕೊಳ್ಳುವುದು ಒಂದು. ಕತ್ತಿಯನ್ನು ಒರೆಗೆ ಹಾಕಿದಂತೆ ಮೇಲಿನಿಂದ ನೇರ ಇಳಿಸುವುದು ಇನ್ನೊಂದು. ಲಿಂಗನಮಕ್ಕಿ ಹಿನ್ನೀರಿನಲ್ಲಿ ಈ ವ್ಯತ್ಯಾಸ ಮುಖ್ಯ, ಏಕೆಂದರೆ 1964ರಲ್ಲಿ ಮುಳುಗಿದ ಕಾಡಿನ ಬೊಡ್ಡೆಗಳು ಅಲ್ಲಿ ಇವತ್ತಿಗೂ ನಿಂತಿವೆ, ನೀರು ಇಳಿಯುತ್ತಾ ಬಂದ ಹಾಗೆ ಅವುಗಳ ತುದಿ ಮೇಲ್ಮೈಯ ಒಂದೆರಡು ಅಡಿ ಕೆಳಗೆ ಕಾಣದಂತೆ ಇರುತ್ತದೆ. ಮಡಚುವ ಅಲಗು ಬೊಡ್ಡೆಗೆ ತಾಗಿದರೆ ಹಿಂದಕ್ಕೆ ವಾಲಿ ದಾಟಿಹೋಗುತ್ತದೆ. ನೇರ ಇಳಿಸುವ ಅಲಗು ತಾಗಿದರೆ ಬೋರ್ಡ್ ಗಕ್ಕನೆ ನಿಂತು ನೀವು ಕಂಬದ ಮೇಲೆ ಮುಗ್ಗರಿಸುತ್ತೀರಿ, ಸೀಳಿನ ಅಂಚೂ ಬಿರಿಯಬಹುದು. ನಿಮ್ಮದು ಯಾವುದೆಂದು ನೋಡಿ. ಮಡಚುವಂಥದಾದರೆ ಕಾಲಿನಿಂದ ಒತ್ತಿದಾಗ ಸರಾಗವಾಗಿ ಹೋಗಿ ಬರುತ್ತದೆಯೇ ಎಂದು ಪರೀಕ್ಷಿಸಿ. ಸೀಳಿನ ರಬ್ಬರ್ ತುಟಿ ಹರಿದಿದ್ದರೆ ಅದೇನೂ ಅಡ್ಡಿಯಲ್ಲ, ಲಾರಿ ಟ್ಯೂಬ್ ಕತ್ತರಿಸಿ ಅಂಟಿಸಿದರೂ ನಡೆಯುತ್ತದೆ.

ಇನ್ನು ತೂಕ. ಅಡಕೆ ತೂಗುವ ಕಾಟಾ ನಿಮ್ಮಲ್ಲಿ ಇದ್ದೇ ಇರುತ್ತದೆ, ಬೋರ್ಡನ್ನು ಅದರ ಮೇಲಿಡಿ. ಈ ಉದ್ದದ ಪ್ಲಾಸ್ಟಿಕ್ ಬೋರ್ಡ್ ಸಾಮಾನ್ಯವಾಗಿ 18ರಿಂದ 22 ಕೆ.ಜಿ. ತೂಗುತ್ತದೆ. 25 ದಾಟಿದರೆ ಒಳಗಿನ ಫೋಮ್ ನೀರು ಕುಡಿದಿರುವ ಅನುಮಾನ ಬರಬೇಕು. ಕೆಲವು ಬೋರ್ಡ್‌ಗಳಿಗೆ ಮೇಲೆ ಸಣ್ಣದೊಂದು ತಿರುಪು ಇರುತ್ತದೆ, ಒಳಗಿನ ಗಾಳಿ ಹಿಗ್ಗಿದಾಗ ಹೊರಬಿಡುವುದಕ್ಕೆ. ಅದನ್ನು ಬಿಚ್ಚಿ, ಅಡಕೆ ಒಣಗಿಸುವ ಅಂಗಳದ ನೆರಳು ಇರುವ ಬದಿಯಲ್ಲಿ ತೂತು ಕೆಳಮುಖವಾಗಿ ಬರುವಂತೆ ಹತ್ತು ದಿನ ಇಟ್ಟು ಮತ್ತೆ ತೂಗಿ. ಎರಡು ಮೂರು ಕೆ.ಜಿ. ಇಳಿದಿದ್ದರೆ ಎಲ್ಲಿಂದಲೋ ನೀರು ಹೋಗುತ್ತಿದೆ ಎಂದೇ ಅರ್ಥ, ಆ ಬಿರುಕು ಸಿಗುವವರೆಗೆ ದುಡ್ಡು ಕೊಡಬೇಡಿ. ಬಿಸಿಲಿಗೇ ನೇರವಾಗಿ ಒಡ್ಡಬಾರದು, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ನೀರಿಗಿಳಿಸುವ ಮುನ್ನ ತಿರುಪನ್ನು ಮತ್ತೆ ಬಿಗಿಯಲು ಮರೆಯಬೇಡಿ. ನಗಬೇಡಿ, ಮರೆತವರನ್ನು ನಾನು ಕಂಡಿದ್ದೇನೆ.

ಹಾಗೆಯೇ ಕಂಬ ನಿಲ್ಲುವ ಜಾಗ ಮತ್ತು ನೀವು ನಿಲ್ಲುವ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಗಟ್ಟಿ ಇರಬೇಕು. ಒತ್ತಿದಾಗ ತಗ್ಗಿ ಮತ್ತೆ ಉಬ್ಬಿದರೆ ಮೇಲಿನ ಪದರ ಫೋಮಿನಿಂದ ಬಿಟ್ಟಿದೆ.

ನನ್ನನ್ನು ಕೇಳಿದರೆ ಇಡೀ ವ್ಯಾಪಾರ ನಿಂತಿರುವುದು ಅಂಗೈಯಗಲದ ಒಂದು ವಸ್ತುವಿನ ಮೇಲೆ. ಕಂಬವನ್ನು ಬೋರ್ಡಿಗೆ ಜೋಡಿಸುವ ಬಾಗುವ ಕೀಲು, ಯುನಿವರ್ಸಲ್ ಜಾಯಿಂಟ್, ಹೆಚ್ಚಾಗಿ ರಬ್ಬರಿನದು. ಹಾಯಿಯನ್ನು ಯಾವ ದಿಕ್ಕಿಗಾದರೂ ವಾಲಿಸಿ ಚುಕ್ಕಾಣಿಯಿಲ್ಲದೆಯೇ ಬೋರ್ಡ್ ತಿರುಗಿಸಲು ಸಾಧ್ಯವಾಗುವುದು ಇದರಿಂದ. ನಾನು ಕಲಿಯುತ್ತಿದ್ದ ಎರಡನೆಯ ವರ್ಷ ಹೀಗೇ ಒಂದು ಹಳೆಯ ಜೋಡಿಯನ್ನು ಕೊಂಡು, ರಬ್ಬರ್ ಕಪ್ಪಗೆ ಮಿರುಗುತ್ತಿದೆಯೆಂದು ನಂಬಿ ಹಿನ್ನೀರಿಗೆ ಇಳಿದಿದ್ದೆ. ಅರ್ಧ ಗಂಟೆಯ ಮೇಲೆ, ದಡ ದೂರವಾಗಿದ್ದಾಗ, ಕಾಲಬಳಿ ಬೆಂಡೆಕಾಯಿ ಮುರಿದಂಥ ಸದ್ದು ಕೇಳಿಸಿತು, ಕೈಯಲ್ಲಿದ್ದ ಹಾಯಿ ಕಂಬ ಸಮೇತ ಒಂದು ಕಡೆಗೆ, ಬೋರ್ಡ್ ಇನ್ನೊಂದು ಕಡೆಗೆ ಹೋದವು. ಬೋರ್ಡನ್ನು ಬಿಡಬಾರದೆಂದು ಮೊದಲೇ ಹೇಳಿಸಿಕೊಂಡಿದ್ದರಿಂದ ಹಾಯಿಯ ಆಸೆ ಬಿಟ್ಟು ಬೋರ್ಡಿನತ್ತ ಈಜಿದೆ, ಹೊಟ್ಟೆಯ ಮೇಲೆ ಮಲಗಿ ಕೈಯಿಂದ ಹುಟ್ಟು ಹಾಕುತ್ತಾ ಬರುತ್ತಿದ್ದಾಗ ಬಲೆ ಬಿಡಲು ಬಂದಿದ್ದ ಒಬ್ಬರು ತಮ್ಮ ತೆಪ್ಪಕ್ಕೆ ಕಟ್ಟಿ ಎಳೆದು ತಂದರು. ಹಾಯಿ ಮರುದಿನ ಒಂದು ಬೊಡ್ಡೆಗೆ ಸಿಕ್ಕಿಕೊಂಡು ದೊರೆಯಿತು. ಮುರಿದ ರಬ್ಬರನ್ನು ಬಾಗಿಸಿ ನೋಡಿದರೆ ಲೋಹದ ಬುಡದ ಸುತ್ತ ಉಗುರಿನಿಂದ ಗೀರಿದಂಥ ಸಣ್ಣ ಸಣ್ಣ ಗೆರೆಗಳಿದ್ದವು. ನೆಟ್ಟಗೆ ಹಿಡಿದಾಗ ಅವು ಮುಚ್ಚಿಕೊಂಡು ಕಾಣದಂತಾಗುತ್ತಿದ್ದವು.

ಆದ್ದರಿಂದ ಕೀಲನ್ನು ಎರಡೂ ಕೈಯಲ್ಲಿ ಹಿಡಿದು ಲಂಬಕೋನದವರೆಗೆ ಬಾಗಿಸಿ, ನಾಲ್ಕೂ ದಿಕ್ಕಿಗೆ ಬಾಗಿಸಿ, ಬಾಗಿದ ಹೊರಮೈಯನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಗೆರೆ ಕಂಡರೂ ಹೊಸದನ್ನು ಹಾಕಬೇಕು. ನಮ್ಮ ತೇವದ ಹವೆಯಲ್ಲಿ ಬಹುಕಾಲ ಅಟ್ಟದಲ್ಲಿದ್ದ ರಬ್ಬರನ್ನು ಗೆರೆ ಕಾಣದಿದ್ದರೂ ಬದಲಾಯಿಸುವುದೇ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಇಲ್ಲೊಂದು ತೊಡಕಿದೆ. ಎಂಬತ್ತರ ದಶಕದ ಕೆಲವು ಬೋರ್ಡ್‌ಗಳಲ್ಲಿ ಕೀಲು ಕೂರುವ ಗುಂಡಿ ಆಯಾ ತಯಾರಕರ ಸ್ವಂತ ಅಳತೆಯದು, ಇಂದಿನ ಕೀಲು ಅದರಲ್ಲಿ ಕೂರುವುದಿಲ್ಲ. ಉದ್ದನೆಯ ಸೀಳಿನಲ್ಲಿ ತಿರುಪಿನಿಂದ ಬಿಗಿಯುವ ವ್ಯವಸ್ಥೆಯಿದ್ದರೆ ಇಂದಿನ ಕೀಲು ಹೊಂದುವ ಸಾಧ್ಯತೆ ಹೆಚ್ಚು. ದುಂಡು ಗುಂಡಿಯಿದ್ದು, ಅದಕ್ಕೆ ಸರಿಯಾದ ಕೀಲು ಇಲ್ಲದಿದ್ದರೆ, ಉಳಿದೆಲ್ಲ ಚೆನ್ನಾಗಿದ್ದರೂ ಬೋರ್ಡನ್ನು ಬಿಟ್ಟುಬಿಡಿ. ಕೀಲು ಹೊಂದಿದರೂ ಅದರ ಪಕ್ಕದಲ್ಲಿ ಬೋರ್ಡಿಗೂ ಕಂಬಕ್ಕೂ ಸೇರಿಸಿ ಗಟ್ಟಿಯಾದ ಒಂದು ಹಗ್ಗವನ್ನು ಸಡಿಲವಾಗಿ ಕಟ್ಟಿಡಿ. ಕೀಲು ಕೈಕೊಟ್ಟ ದಿನ ಎರಡೂ ಬೇರೆಯಾಗುವುದಿಲ್ಲ.

ಹಾಯಿಗಳಲ್ಲಿ ಬಟ್ಟೆಯ 5.2ರದ್ದು ನಿಮ್ಮ ತೂಕಕ್ಕೆ ಹೊಂದುತ್ತದೆ. ಹೊಲಿಗೆಯ ದಾರವನ್ನು ಉಗುರಿನಿಂದ ಕೆದಕಿ. ಪುಡಿಯಂತೆ ಉದುರಿದರೆ ಬಿಸಿಲು ತಿಂದಿದೆ ಎಂದು ತಿಳಿಯಬೇಕು, ಬಟ್ಟೆ ಗಟ್ಟಿಯಿದ್ದರೆ ಜೀಪಿನ ಹುಡ್ ಹೊಲಿಯುವವರ ಬಳಿ ದಪ್ಪ ಪಾಲಿಯೆಸ್ಟರ್ ದಾರದಲ್ಲಿ ಮರುಹೊಲಿಗೆ ಹಾಕಿಸಬಹುದು. ಇಲಿ ಕಡಿದ ತೂತುಗಳಿಗೂ ಅವರೇ ಆಗುತ್ತಾರೆ. ಪಾರದರ್ಶಕ ಹಾಯಿಯನ್ನು ಮರೆತುಬಿಡಿ. 6.5 ಎಂಬುದು ನಿಮಗೆ ದೊಡ್ಡದು. ಆ ಪ್ಲಾಸ್ಟಿಕ್ ಹಾಳೆ ವಯಸ್ಸಾದಂತೆ ಮಂಜುಗಟ್ಟಿ, ಹಪ್ಪಳದಂತೆ ಒಡೆಯುತ್ತದೆ. ಕಂಬ ತೂರುವ ತೋಳಿನೊಳಗೆ ನೀರು ತುಂಬಿಕೊಂಡರೆ ಎತ್ತುವಷ್ಟರಲ್ಲಿ ಸೊಂಟ ಹಿಡಿಯುತ್ತದೆ.

ಹಗ್ಗದಲ್ಲಿ ಕಟ್ಟುವ ಬೂಮ್‌ಗೆ ಅಭ್ಯಾಸ ಬೇಕು. ಬೂಮನ್ನು ಕಂಬದ ಉದ್ದಕ್ಕೆ ಮಲಗಿಸಿ ಹಗ್ಗವನ್ನು ಬಿಗಿಯಾಗಿ ಕಟ್ಟಿ, ಆಮೇಲೆ ಅಡ್ಡಕ್ಕೆ ತಿರುಗಿಸಿದರೆ ಹಗ್ಗ ತಾನಾಗಿ ಬಿಗಿದುಕೊಳ್ಳುತ್ತದೆ. ಸಡಿಲವಾದ ಬೂಮಿನಲ್ಲಿ ಕಲಿಯುವುದೆಂದರೆ ಹಿಡಿ ಅಲ್ಲಾಡುವ ಕತ್ತಿಯಲ್ಲಿ ಸೊಪ್ಪು ಕಡಿದಂತೆ. ಕ್ಲಾಂಪ್ ಇರುವುದು ನಿಮ್ಮ ಕಂಬದ ದಪ್ಪಕ್ಕೆ ಕೂರುವುದಾದರೆ ಅದನ್ನೇ ಬಳಸಿ. ಕಂಬವನ್ನು ನೆಲದ ಮೇಲೆ ಉರುಳಿಸಿ ನೋಡಿದರೆ ಸೊಟ್ಟಗಿರುವುದು ತಿಳಿಯುತ್ತದೆ, ಎರಡು ತುಂಡು ಸೇರುವ ಜಾಗದಲ್ಲಿ ಬಿರುಕಿದ್ದರೆ ಬೇಡ.

ಕೊಳ್ಳುವ ಮುಂಚೆ ಹೊನ್ನೇಮರಡುವಿನಲ್ಲೋ ಬೇರೆ ಎಲ್ಲಿಯೋ ಬಲ್ಲವರ ಜೊತೆ ಒಂದೆರಡು ದಿನ ಕಲಿತು ಬಂದರೆ ಈ ಆಟ ನಿಮಗೆ ರುಚಿಸುತ್ತದೆಯೇ ಎಂಬುದೂ ಗೊತ್ತಾಗುತ್ತದೆ. ಮಳೆಗಾಲ ಮುಗಿದ ಮೇಲೆ, ಗಾಳಿ ಗಂಟೆಗೆ 10ರಿಂದ 15 ಕಿ.ಮೀ. ಇರುವಾಗ, ದಡದಿಂದ ಒಳಕ್ಕೆ ಬೀಸುವ ಗಾಳಿಯಲ್ಲದೆ ದಡದತ್ತಲೇ ಅಥವಾ ದಡದುದ್ದಕ್ಕೂ ಬೀಸುವ ಗಾಳಿಯಲ್ಲಿ ಇಳಿಯಿರಿ. ನೀರಿನ ಮೇಲೆ ಅಲ್ಲಲ್ಲಿ ಬಿಳಿ ನೊರೆ ಕಾಣಿಸತೊಡಗಿದರೆ ಆ ದಿನದ ಪಾಠ ಮುಗಿಯಿತೆಂದು ಮೇಲೆ ಬನ್ನಿ. ಗುಡ್ಡದ ಮರೆಯ ನೀರು ಶಾಂತವಾಗಿ ಕಂಡರೂ ಅಲ್ಲಿ ಗಾಳಿ ದಿಕ್ಕು ಬದಲಿಸುತ್ತಾ ಬಿಟ್ಟು ಬಿಟ್ಟು ಬೀಸುವುದರಿಂದ ಕಲಿಯಲು ತೆರೆದ ಜಾಗವೇ ಮೇಲು. ಹಿನ್ನೀರಿನ ಕೆಲವು ಭಾಗ ಅಭಯಾರಣ್ಯಕ್ಕೆ ಸೇರಿದೆ, ಅಣೆಕಟ್ಟೆಯ ಹತ್ತಿರ ಯಾರೂ ಇಳಿಯುವಂತಿಲ್ಲ. ನೀವು ಆರಿಸಿಕೊಂಡ ಜಾಗದ ಬಗ್ಗೆ ಮೊದಲೇ ವಿಚಾರಿಸಿಕೊಳ್ಳಿ. ಲೈಫ್ ಜಾಕೆಟ್ ಮಾತ್ರ ಹಳೆಯದು ಬೇಡ, ಅಂಗಡಿಯಿಂದ ಹೊಸದನ್ನೇ ತನ್ನಿ.

ಪ್ರಶ್ನೆ: ನನ್ನ ಬಳಿ ಇರುವ ಹಳೆಯ ಬೋರ್ಡಿನ ಮೂತಿಯಲ್ಲಿ ಮೂರು ಇಂಚಿನ ಬಿರುಕಿದೆ. ಶಿವಮೊಗ್ಗದಲ್ಲಿ ನೀರಿನ ಟ್ಯಾಂಕ್, ಬಸ್ಸಿನ ಫೈಬರ್ ಭಾಗಗಳನ್ನು ಸರಿಮಾಡುವವರಿಂದ ಮುಚ್ಚಿಸಬಹುದೇ? (ಓದುಗರು, ಶಿವಮೊಗ್ಗ)

ಉತ್ತರ: ಬೋರ್ಡ್ ಯಾವುದರಿಂದ ಆಗಿದೆ ಎಂದು ತಿಳಿಯದೆ ಕೊಡಬೇಡಿ. ಮೇಣದಂತೆ ನುಣುಪಾಗಿದ್ದು ಉಗುರಿಗೆ ಗೀರು ಬೀಳುವಂಥದಾದರೆ ಅದು ಪಾಲಿಥಿನ್. ಅದಕ್ಕೆ ಯಾವ ರೆಸಿನ್ನೂ ಅಂಟಿ ನಿಲ್ಲುವುದಿಲ್ಲ, ಒಂದು ವಾರದಲ್ಲಿ ಸಿಪ್ಪೆಯಂತೆ ಏಳುತ್ತದೆ. ಅದನ್ನು ಬಿಸಿಗಾಳಿಯಲ್ಲಿ ಪ್ಲಾಸ್ಟಿಕ್ ಕಡ್ಡಿ ಕರಗಿಸಿ ಬೆಸೆಯಬೇಕು. ಕಾರಿನ ಬಂಪರ್ ಬೆಸೆಯುವವರಲ್ಲಿ ಈ ಸಲಕರಣೆ ಇರುತ್ತದೆ. ಗಟ್ಟಿಯಾಗಿ, ತಟ್ಟಿದರೆ ಟಣ್ ಎನ್ನುವ ತೆಳುಚಿಪ್ಪಿನ ಹಗುರ ಬೋರ್ಡಾದರೆ ಒಳಗೆ ಥರ್ಮೋಕೋಲ್ ಜಾತಿಯ ಬಿಳಿ ಫೋಮ್ ಇರುವ ಸಾಧ್ಯತೆ ಹೆಚ್ಚು. ಟ್ಯಾಂಕ್ ಸರಿಮಾಡುವವರು ಸಾಮಾನ್ಯವಾಗಿ ಬಳಸುವ ಪಾಲಿಯೆಸ್ಟರ್ ರೆಸಿನ್ ಆ ಫೋಮನ್ನು ಬೆಲ್ಲಕ್ಕೆ ಬಿಸಿನೀರು ಬಿದ್ದಂತೆ ಕರಗಿಸಿಬಿಡುತ್ತದೆ, ಮೇಲೆ ಅಂದವಾಗಿ ಮುಚ್ಚಿದ ಬಿರುಕಿನ ಕೆಳಗೆ ಮುಷ್ಟಿ ಹಿಡಿಯುವಷ್ಟು ಗುಳಿಯಾಗುತ್ತದೆ. ಇದಕ್ಕೆ ಎಪಾಕ್ಸಿ ರೆಸಿನ್ನೇ ಬೇಕೆಂದು ಹೇಳಿ, ಡಬ್ಬಿಯನ್ನು ಕಣ್ಣಾರೆ ಓದಿ, ಎದುರಿಗೇ ನಿಂತು ಮಾಡಿಸಿ. ಎರಡೂ ಸಂದರ್ಭದಲ್ಲಿ ಒಳಗಿನ ನೀರು ಪೂರ್ತಿ ಆರಿದ ಮೇಲೆಯೇ ಮುಚ್ಚಬೇಕು. ಮಲೆನಾಡಿನ ಆಷಾಢದಲ್ಲಿ ಅದು ಆಗುವ ಮಾತಲ್ಲ, ಮಾಘದ ಬಿಸಿಲಿಗೆ ಕಾಯಿರಿ.

ಪ್ರಶ್ನೆ: ನನ್ನ ಮಗಳಿಗೆ 12 ವರ್ಷ, ತೂಕ 36 ಕೆ.ಜಿ. ಅವಳ ಸೋದರಮಾವ ಬಿಟ್ಟುಹೋದ ಉದ್ದನೆಯ ಬೋರ್ಡ್ ಮತ್ತು 5.5ರ ಹಾಯಿ ನಮ್ಮಲ್ಲಿದೆ. ಹಾಯಿಯನ್ನು ಕತ್ತರಿಸಿ ಚಿಕ್ಕದು ಮಾಡಿ ತುಂಗೆಯಲ್ಲಿ ಕಲಿಸಬಹುದೇ? (ಓದುಗರು, ತೀರ್ಥಹಳ್ಳಿ)

ಉತ್ತರ: ಬೋರ್ಡ್ ಆಗುತ್ತದೆ, ಅವಳ ತೂಕಕ್ಕೆ ಅದು ತೇಲುವ ಜಗುಲಿಯೇ ಸರಿ. ಹಾಯಿಯನ್ನು ಮಾತ್ರ ಕತ್ತರಿಸಬೇಡಿ. ಹಾಯಿಯ ಹೊಟ್ಟೆ ಎಲ್ಲಿ ಎಷ್ಟು ಉಬ್ಬಬೇಕೆಂಬುದು ಹೊಲಿಗೆಯಲ್ಲಿಯೇ ಇರುವುದರಿಂದ, ಅಂಚು ಕತ್ತರಿಸಿದ ಹಾಯಿ ಗಾಳಿಯಲ್ಲಿ ಪಟಪಟ ಬಡಿದುಕೊಳ್ಳುತ್ತದೆಯೇ ವಿನಾ ಎಳೆಯುವುದಿಲ್ಲ. ಅಲ್ಲದೆ ದೊಡ್ಡವರ ಕಂಬದ ಭಾರವನ್ನೇ ಅವಳು ನೀರಿನಿಂದ ಎತ್ತಲಾರಳು. ಎರಡರಿಂದ ಮೂರು ಚದರ ಮೀಟರಿನ, ಮಕ್ಕಳಿಗೆಂದೇ ಮಾಡಿದ ಹಾಯಿ, ಅದರದೇ ಗಿಡ್ಡ ಕಂಬ ಮತ್ತು ತೆಳು ಬೂಮಿನೊಂದಿಗೆ ಬೇಕು. ಖರ್ಚು ಮಾಡುವುದಿದ್ದರೆ ಅದಕ್ಕೆ ಮಾಡಿ. ತುಂಗೆ ಬೇಡವೇ ಬೇಡ. ತೀರ್ಥಹಳ್ಳಿಯ ಬಳಿ ಹೊಳೆಯ ತುಂಬ ಬಂಡೆಗಳು, ಜೊತೆಗೆ ಹರಿವು. ಗಾಳಿ ನಿಂತರೂ ಹರಿವು ನಿಲ್ಲುವುದಿಲ್ಲವಾದ್ದರಿಂದ ಹೊಸಬರಿಗೆ ಅಲ್ಲಿ ನಿಂತು ಯೋಚಿಸುವಷ್ಟು ಸಮಯವೂ ಸಿಗದು. ನಿಂತ ನೀರಿನಲ್ಲಿ, ಅವಳ ಎದೆಮಟ್ಟದಲ್ಲಿ, ಬೋರ್ಡಿನ ಬಾಲಕ್ಕೆ 20 ಮೀಟರ್ ಹಗ್ಗ ಕಟ್ಟಿ ಅದರ ತುದಿಯನ್ನು ನೀವು ದಡದಲ್ಲಿ ಹಿಡಿದುಕೊಂಡು ಶುರುಮಾಡಿಸಿ.